ಕಾಂಬಿನೇಟೋರಿಯಲ್ ಆಪ್ಟಿಮೈಸೇಶನ್: ಉಚಿತ ಪಾಠಗಳಿಂದ ಕಲಿಯುವ ಬಗೆ

ಎಣಿಸಬಹುದಾದ ಆಯ್ಕೆಗಳಲ್ಲಿ ಅತ್ಯುತ್ತಮವಾದುದನ್ನು ಹುಡುಕುವ ಗಣಿತವೇ ಕಾಂಬಿನೇಟೋರಿಯಲ್ ಆಪ್ಟಿಮೈಸೇಶನ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪಾಠತಾಣ ಓಪನ್ ಕೋರ್ಸ್‌ವೇರ್‌ನಲ್ಲಿ ಈ ವಿಷಯಕ್ಕೆ 18.433 ಸಂಖ್ಯೆಯ ಪಾಠವಿದೆ. ಶುಲ್ಕವೂ ಇಲ್ಲ, ನೋಂದಣಿಯೂ ಬೇಡ. ಆದರೆ ಮೊದಲ ದಿನವೇ ಅದಕ್ಕೆ ಕೈಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸರಳರೇಖೀಯ ನಿರ್ಬಂಧಗಳೊಳಗೆ ಗರಿಷ್ಠ ಅಥವಾ ಕನಿಷ್ಠ ಬೆಲೆ ಹುಡುಕುವುದು ಲೀನಿಯರ್ ಪ್ರೋಗ್ರಾಮಿಂಗ್; ಅಲ್ಲಿ ಪ್ರತಿ ಗರಿಷ್ಠದ ಲೆಕ್ಕಕ್ಕೂ ಕನಿಷ್ಠದ ಜೋಡಿ ಲೆಕ್ಕವೊಂದಿರುತ್ತದೆ ಎಂಬುದು ಡ್ಯುಯಾಲಿಟಿ. ಅದು ಗಟ್ಟಿಯಾಗದಿದ್ದರೆ ಮುಂದಿನದೆಲ್ಲ ಕಬ್ಬಿಣದ ಕಡಲೆಯೇ. ಅದನ್ನು ಕಲಿಯಲು ಐಐಟಿಗಳು ನಡೆಸುವ ಪಾಠತಾಣ ಎನ್‌ಪಿಟಿಇಎಲ್‌ನ ವಿಡಿಯೊಗಳು ಸಾಕು.

ಆಮೇಲೆ ಮ್ಯಾಚಿಂಗ್, ಅಂದರೆ ಒಬ್ಬರಿಗೆ ಒಂದೇ ಎಂಬಂತೆ ಜೋಡಿ ಮಾಡುವುದು. ಇಲ್ಲಿ ಅವಸರ ಬೇಡ. ಎಡಕ್ಕೆ ನಾಲ್ವರು ಕೆಲಸಗಾರರು, ಬಲಕ್ಕೆ ನಾಲ್ಕು ಕೆಲಸ. ಯಾರಿಗೆ ಯಾವುದು ಬರುತ್ತದೋ ನೋಡಿ ಗೆರೆ ಎಳೆಯಿರಿ. ಹೆಚ್ಚೆಂದರೆ ಎಷ್ಟು ಜೋಡಿ ಆಗುತ್ತವೆಯೋ, ಎಲ್ಲ ಗೆರೆಗಳನ್ನೂ ಮುಟ್ಟಲು ಅಷ್ಟೇ ಬಿಂದುಗಳು (ಕೆಲಸಗಾರ ಅಥವಾ ಕೆಲಸ) ಸಾಕು. ಇದು 1931ರ ಕ್ಯೋನಿಗ್ ಪ್ರಮೇಯ. ಈಗ ಎಡ-ಬಲ ಎಂಬ ಎರಡು ಬದಿಗಳಿಲ್ಲದ ತ್ರಿಕೋನವೊಂದನ್ನು ಬರೆಯಿರಿ. ಜೋಡಿ ಒಂದೇ, ಬಿಂದು ಎರಡು ಬೇಕು, ಲೆಕ್ಕ ಕೆಟ್ಟಿತು! ಇಂಥ ಬೆಸ ಚಕ್ರಗಳನ್ನು, ಅಂದರೆ ಬೆಸ ಸಂಖ್ಯೆಯ ಗೆರೆಗಳ ಸುತ್ತುಗಳನ್ನು, ನಿಭಾಯಿಸುವ ಬ್ಲಾಸಮ್ ಅಲ್ಗಾರಿದಮ್ ಅನ್ನು ಜ್ಯಾಕ್ ಎಡ್ಮಂಡ್ಸ್ 1965ರಲ್ಲಿ ಪ್ರಕಟಿಸಿದರು. ಅದನ್ನು ಪೆನ್ಸಿಲ್ ಹಿಡಿದು ಬಿಡಿಸಿ, ಕೋಡ್ ಆಮೇಲೆ.