ಪುರುಷಾಂಗದ ವ್ಯಾಯಾಮ: ರಕ್ತ ಹರಿಯಲಿ, ಗಾಯವಾಗದಿರಲಿ

ಡಂಬೆಲ್ ಎತ್ತಿದರೆ ತೋಳಿನ ಸ್ನಾಯು ದಣಿಯುತ್ತದೆ. ವಿಶ್ರಾಂತಿ ಸಿಕ್ಕಾಗ ರಿಪೇರಿಯಾಗಿ ತುಸು ದಪ್ಪವಾಗುತ್ತದೆ. ಇದೇ ಲೆಕ್ಕವನ್ನು ಶಿಶ್ನಕ್ಕೂ ಹಚ್ಚಿ ಎಳೆಯುವವರು, ಹಿಂಡುವವರು, ಪಂಪ್ ಹಾಕುವವರು ಬಹಳ ಮಂದಿ. ಲೆಕ್ಕ ತಪ್ಪುವುದು ಅಲ್ಲೇ. ಶಿಶ್ನದ ಕಾಂಡದಲ್ಲಿ ತೋಳಿನಲ್ಲಿರುವಂಥ ಸ್ನಾಯುವೇ ಇಲ್ಲ.

ಅಲ್ಲಿರುವುದು ಸ್ಪಂಜಿನಂಥ ಎರಡು ಕೊಳವೆಗಳು. ಅವುಗಳನ್ನು ಸುತ್ತಿಕೊಂಡಿರುವ ಬಿಳಿ ಹೊದಿಕೆಗೆ ಟ್ಯೂನಿಕಾ ಎನ್ನುತ್ತಾರೆ. ಅಂಗ ಮೆತ್ತಗಿರುವಾಗ ಈ ಹೊದಿಕೆ ಸುಮಾರು 2 ಮಿ.ಮೀ. ದಪ್ಪ, ನಿಮಿರಿದಾಗ ಹಿಗ್ಗಿ ಅರ್ಧ ಮಿ.ಮೀ.ಗಿಂತಲೂ ತೆಳ್ಳಗಾಗುತ್ತದೆ. ಕಾಮೋದ್ರೇಕವಾದಾಗ ನರಗಳೂ ರಕ್ತನಾಳದ ಒಳಪದರವೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತವೆ, ಅಪಧಮನಿ ಸಡಿಲವಾಗುತ್ತದೆ, ಸ್ಪಂಜಿನೊಳಗೆ ರಕ್ತ ನುಗ್ಗುತ್ತದೆ. ಉಬ್ಬಿದ ಸ್ಪಂಜು ಸಣ್ಣ ಅಭಿಧಮನಿಗಳನ್ನು ಹೊದಿಕೆಗೆ ಒತ್ತಿ ಹಿಡಿಯುವುದರಿಂದ ಬಂದ ರಕ್ತ ಹೊರಹೋಗದೆ ನಿಲ್ಲುತ್ತದೆ. ಈ ಅನಿಲ ದೇಹದಲ್ಲಿ ಸಂದೇಶ ಒಯ್ಯುತ್ತದೆ ಎಂದು ತೋರಿಸಿಕೊಟ್ಟವರಿಗೆ 1998ರಲ್ಲಿ ನೊಬೆಲ್ ಬಂತು.

ಪೆಟ್ಟು ಬಿದ್ದರೆ ಏನಾಗುತ್ತದೆ

ಗಾಯ ಮಾಯುವ ಕ್ರಮ ಎಲ್ಲ ಕಡೆಯೂ ಒಂದೇ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಕೆಲವು ದಿನ ಬಾವು ಇರುತ್ತದೆ, ಆಮೇಲೆ ಎರಡು ಮೂರು ವಾರ ಹೊಸ ಅಂಗಾಂಶ ತುಂಬಿಕೊಳ್ಳುತ್ತದೆ. ಅದು ಗಟ್ಟಿಗೊಂಡು ಒಂದು ರೂಪಕ್ಕೆ ಬರಲು ತಿಂಗಳುಗಳೇ ಬೇಕು. ಆದರೆ ಟ್ಯೂನಿಕಾದಲ್ಲಿ ತುಂಬಿಕೊಳ್ಳುವುದು ಕೊಲ್ಯಾಜೆನ್ ಎಂಬ ನಾರಿನಂಥ ಪ್ರೋಟೀನಿನ ಗಾಯದ ಕಲೆ, ಹಿಗ್ಗುವ ಗುಣ ಅದಕ್ಕಿಲ್ಲ. ಬಲೂನಿನ ಒಂದು ಮಗ್ಗುಲಿಗೆ ಟೇಪ್ ಅಂಟಿಸಿ ಊದಿ ನೋಡಿ: ಟೇಪ್ ಇರುವ ಕಡೆಗೇ ಬಾಗುತ್ತದೆ. ಪೆರೋನಿ ಕಾಯಿಲೆಯಲ್ಲಿ ಅಂಗ ಬಾಗುವುದೂ, ಕೆಲವೊಮ್ಮೆ ಗಿಡ್ಡವಾಗುವುದೂ ಹೀಗೆಯೇ. ಉದ್ದವಾಗಲೆಂದು ಮಾಡಿದ ಕೆಲಸ ಉದ್ದವನ್ನೇ ಕಳೆಯಬಹುದು.

ಆದ್ದರಿಂದ ಬುಡದಿಂದ ತುದಿಗೆ ಬೆರಳಿನಿಂದ ಹಿಂಡುತ್ತ ಹೋಗುವ ಜೆಲ್ಕಿಂಗ್ ಬೇಡವೇ ಬೇಡ. ಅದರಿಂದ ಅಳತೆ ಹೆಚ್ಚುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಚರ್ಮದಡಿ ಕೆಂಪು ಚುಕ್ಕೆ, ಕಂದುಗಟ್ಟುವುದು, ಜೋಮು ಇವೆಲ್ಲ ಪೆಟ್ಟಿನ ಗುರುತುಗಳು. ಇವನ್ನು ‘ವ್ಯಾಯಾಮ ಕೆಲಸ ಮಾಡುತ್ತಿದೆ’ ಎಂದು ಓದಿಕೊಳ್ಳುವುದು ಅಪಾಯ. ಹಿಂಡಿದ ಮೇಲೆ ಅರ್ಧ ಗಂಟೆ ಅಂಗ ದಪ್ಪಗೆ ಕಾಣುವುದೂ ಬಾವಿನಿಂದಲೇ.

ಹಾಗಾದರೆ ಮಾಡುವುದೇನು

ಮೊದಲು ಅಳತೆಯ ಭಯ ತೊಲಗಲಿ. 15,521 ಪುರುಷರ ಅಳತೆಗಳನ್ನು ಒಟ್ಟುಗೂಡಿಸಿದ 2015ರ ಅಧ್ಯಯನದಲ್ಲಿ ನಿಮಿರಿದ ಶಿಶ್ನದ ಸರಾಸರಿ ಉದ್ದ 13.12 ಸೆಂ.ಮೀ. ವ್ಯಾಯಾಮದಿಂದ ಬದಲಾಗುವುದು ನಿಮಿರುವಿಕೆಯ ಗಡಸು, ಅದಕ್ಕೆ ಬೇಕಾದದ್ದು ರಕ್ತದ ಹರಿವು.

ಮೊದಲ ಹೆಜ್ಜೆ ಕಾಲಿನದು. ಉಸಿರು ಏರುವಷ್ಟು ಬಿರುಸಾಗಿ, ಆದರೆ ತುಂಡು ಮಾತಾಡಬಹುದಾದಷ್ಟು ವೇಗದಲ್ಲಿ 40 ನಿಮಿಷ ನಡೆಯಿರಿ ಅಥವಾ ಈಜಿ. ವಾರಕ್ಕೆ ನಾಲ್ಕು ದಿನ, ಆರು ತಿಂಗಳು. ಕೂತೇ ಕೆಲಸ ಮಾಡುವವರಲ್ಲಿ, ಬೊಜ್ಜು ಅಥವಾ ರಕ್ತದೊತ್ತಡ ಇರುವವರಲ್ಲಿ ನಿಮಿರುವಿಕೆ ಸುಧಾರಿಸಿರುವುದು ಈ ಪ್ರಮಾಣದಲ್ಲಿ. ರಕ್ತ ವೇಗವಾಗಿ ಹರಿದಾಗ ನಾಳದ ಒಳಪದರ ಹೆಚ್ಚು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಧೂಮಪಾನ ಅದೇ ಪದರವನ್ನು ಕೆಡಿಸುವುದರಿಂದ ಸಿಗರೇಟು ಬಿಡದೆ ನಡೆದರೆ ಅರ್ಧ ಕೆಲಸ ಅಲ್ಲಿಗೇ ಹೋಯಿತು.

ಎರಡನೆಯದು ಕೆಗೆಲ್, ಅಂದರೆ ಬುಡದ ಸ್ನಾಯುವನ್ನು ಬಿಗಿದು ಸಡಿಲಿಸುವ ವ್ಯಾಯಾಮ. ಕಾಂಡದಲ್ಲಿ ಇಲ್ಲದ ಸ್ನಾಯು ಬುಡದಲ್ಲಿದೆ. ಅದು ಬಿಗಿದಾಗ ಸ್ಪಂಜಿನೊಳಗಿನ ಒತ್ತಡ ತೋಳಿನಲ್ಲಿ ಅಳೆಯುವ ರಕ್ತದೊತ್ತಡವನ್ನೂ ಮೀರುತ್ತದೆ. ಗ್ಯಾಸ್ ತಡೆಹಿಡಿಯುವಂತೆ ಗುದದ್ವಾರವನ್ನು ಒಳಕ್ಕೆಳೆದುಕೊಳ್ಳಿ, ಜೊತೆಗೆ ಶಿಶ್ನದ ಬುಡವನ್ನು ಮೈಯೊಳಕ್ಕೆ ಸೆಳೆಯಿರಿ. ಕನ್ನಡಿಯ ಮುಂದೆ ನಿಂತರೆ ಬುಡ ತುಸು ಒಳಸರಿದು, ವೃಷಣ ಮೇಲೇರುವುದು ಕಾಣಬೇಕು. ಹೊಟ್ಟೆ, ಪೃಷ್ಠ, ತೊಡೆ ಬಿಗಿದರೆ ತಪ್ಪು ಸ್ನಾಯು ಕೆಲಸ ಮಾಡುತ್ತಿದೆ ಎಂದರ್ಥ. 5 ಸೆಕೆಂಡು ಹಿಡಿದು 5 ಸೆಕೆಂಡು ಪೂರ್ತಿ ಸಡಿಲಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಮೊದಲು ಮಲಗಿ, ಆಮೇಲೆ ಕೂತು, ಕೊನೆಗೆ ನಿಂತು. ಹಿಡಿತವನ್ನು ನಿಧಾನವಾಗಿ 10 ಸೆಕೆಂಡಿಗೆ ಏರಿಸಿ. ಫಲಕ್ಕೆ ಮೂರು ತಿಂಗಳಾದರೂ ಬೇಕು.

ಜನ ಎಡವುವುದು ಸಡಿಲಬಿಡುವಲ್ಲಿ. ಬಿಗಿತ ಬಿಡದೆ ಮತ್ತೆ ಮತ್ತೆ ಎಳೆದರೆ ಆ ಸ್ನಾಯು ಸೆಟೆದುಕೊಂಡು ವೃಷಣದ ಹಿಂದೆ ನೋವು, ಮೂತ್ರ ತಡೆದು ಬರುವುದು ಶುರುವಾಗುತ್ತದೆ. ಆಗ ವಾರ ಕಾಲ ನಿಲ್ಲಿಸಿ, ಹೊಟ್ಟೆಯಿಂದ ದೀರ್ಘವಾಗಿ ಉಸಿರಾಡುವುದಷ್ಟನ್ನೇ ಮಾಡಿ. ಮೂತ್ರ ಮಾಡುವಾಗ ನಡುವೆ ತಡೆಯುವುದನ್ನು ಸ್ನಾಯು ಗುರುತಿಸಲು ಒಮ್ಮೆ ಮಾಡಿದರೆ ಸಾಕು. ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ.

ಮೂರನೆಯದು ನಿದ್ದೆ. ಕನಸು ಬೀಳುವ ಹಂತಗಳಲ್ಲಿ ರಾತ್ರಿಗೆ ಮೂರರಿಂದ ಐದು ಸಲ ಅಂಗ ತಾನಾಗಿ ನಿಮಿರುತ್ತದೆ. ಮೆತ್ತಗಿರುವಾಗ ಆಮ್ಲಜನಕ ಕಡಿಮೆ ಇರುವ ರಕ್ತವಷ್ಟೇ ಇರುವ ಸ್ಪಂಜಿಗೆ ತಾಜಾ ರಕ್ತ ಸಿಗುವುದು ಆಗಲೇ. ಬೆಳಗಿನ ನಿಮಿರುವಿಕೆ ವಾರಗಟ್ಟಲೆ ಇಲ್ಲವಾದರೆ ಸಕ್ಕರೆ, ಕೊಲೆಸ್ಟ್ರಾಲ್, ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಶಿಶ್ನದ ಅಪಧಮನಿ ಹೃದಯದ್ದಕ್ಕಿಂತ ಸಪೂರ, ಹಾಗಾಗಿ ನಾಳ ಕಟ್ಟಿಕೊಳ್ಳುವ ಸುಳಿವು ಎದೆನೋವಿಗಿಂತ ವರ್ಷಗಳ ಮೊದಲೇ ಇಲ್ಲಿ ಸಿಗುವುದುಂಟು.

ವ್ಯಾಕ್ಯೂಮ್ ಪಂಪ್ ನಿಮಿರುವಿಕೆಯ ತೊಂದರೆಗೆ ವೈದ್ಯರು ಕೊಡುವ ಸಾಧನ, ಉದ್ದ ಮಾಡುವುದಲ್ಲ. ಒತ್ತಡ ಮಿತಿಗೊಳಿಸುವ ವಾಲ್ವ್ ಇಲ್ಲದ್ದನ್ನು ಮುಟ್ಟಬೇಡಿ. ಪಂಪ್ ಮಾಡಿದ ಮೇಲೆ ರಕ್ತ ನಿಲ್ಲಲೆಂದು ಬುಡಕ್ಕೆ ಹಾಕುವ ರಿಂಗ್ 30 ನಿಮಿಷದೊಳಗೆ ತೆಗೆಯಲೇಬೇಕು, ಇಲ್ಲದಿದ್ದರೆ ಹಳೆಯ ರಕ್ತ ಅಲ್ಲೇ ನಿಂತು ಅಂಗಾಂಶ ಉಸಿರುಗಟ್ಟುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಕೂಡದು.

ಈಗಾಗಲೇ ಪೆಟ್ಟಾಗಿದ್ದರೆ

ಎಲ್ಲವನ್ನೂ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಇಡಿ. ಮೊದಲ ಎರಡು ದಿನ ಬಿಸಿ ಶಾಖ ಬೇಡ. ಬಣ್ಣ, ನೋವು ಪೂರ್ತಿ ಇಳಿಯುವ ತನಕ ಸಂಭೋಗವೂ ಬೇಡ. ನಿಮಿರಿದಾಗ ‘ಟಕ್’ ಎಂದು ಸದ್ದಾಗಿ ತಟ್ಟನೆ ಮೆತ್ತಗಾದರೆ, ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿದರೆ ಟ್ಯೂನಿಕಾ ಹರಿದಿರಬಹುದು. ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. 4 ಗಂಟೆ ದಾಟಿದರೂ ಇಳಿಯದ ನಿಮಿರುವಿಕೆಯೂ ಅಷ್ಟೇ ತುರ್ತು. ಚರ್ಮದಡಿ ಗಂಟು ಸಿಕ್ಕರೆ, ಹೊಸದಾಗಿ ಬಾಗು ಕಂಡರೆ ಮೂತ್ರರೋಗ ತಜ್ಞರನ್ನು ನೋಡಿ. ಹೋಗುವ ಮೊದಲು ನಿಮಿರಿದ ಸ್ಥಿತಿಯಲ್ಲಿ ಮೇಲಿನಿಂದೊಂದು, ಪಕ್ಕದಿಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಪರೀಕ್ಷೆಯ ಕೋಣೆಯಲ್ಲಿ ಕಾಣದ ಬಾಗು ಅದರಲ್ಲಿ ಕಾಣುತ್ತದೆ.