ಭಾರದ ಲಾರಿಗೆ ಹೊಸ ಶಾಕ್ ಅಬ್ಸಾರ್ಬರ್: ಕೊಳ್ಳುವ ಮೊದಲು ನೋಡಬೇಕಾದದ್ದು, ಅಳೆಯಬೇಕಾದದ್ದು

ಕಾಸರಗೋಡಿನ ಒಳನಾಡಿನಲ್ಲಿ ಕೆಂಪುಕಲ್ಲು, ಜಲ್ಲಿ, ಎಂ-ಸ್ಯಾಂಡ್ ಹೇರಿಕೊಂಡು ಓಡುವ ಲಾರಿಗಳ ಮಾಲಕರು ಬಿಡಿಭಾಗದ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು 'ಇದ್ದುದರಲ್ಲಿ ಗಟ್ಟಿ ಶಾಕ್ ಅಬ್ಸಾರ್ಬರ್ ಕೊಡಿ' ಎಂದು. ಅದು ಭಾರ ಹೊರುತ್ತದೆ ಎಂಬ ನಂಬಿಕೆಯಿಂದ ಬರುವ ಬೇಡಿಕೆ ಇದು. ಆದರೆ ಭಾರ ಹೊರುವ ಕೆಲಸ ಪ್ಲೇಟುಗಳದ್ದು, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಸ್ಪ್ರಿಂಗ್ ಪಟ್ಟಿಗಳದ್ದು. ಗುಂಡಿಯಲ್ಲಿ ಕುಗ್ಗಿದ ಪ್ಲೇಟು ಮತ್ತೆ ಚಿಮ್ಮುವಾಗ ಆ ಚಿಮ್ಮುವಿಕೆಯನ್ನು ತಡೆದು, ಸಿಲಿಂಡರಿನೊಳಗಿನ ಎಣ್ಣೆಯನ್ನು ಸಣ್ಣ ಕಂಡಿಗಳ ಮೂಲಕ ನುಸುಳಿಸಿ, ಅಲುಗಾಟದ ಶಕ್ತಿಯನ್ನು ಬಿಸಿಯಾಗಿ ಹೊರಹಾಕುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಇದನ್ನು ಸ್ಪಷ್ಟವಾಗಿ ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ತಾನಾಗಿ ತಪ್ಪುತ್ತವೆ.

ಆದುದರಿಂದ ಮೊದಲು ನೋಡಬೇಕಾದದ್ದು ಪ್ಲೇಟುಗಳನ್ನು. ಲಾರಿ ಒಂದು ಬದಿಗೆ ವಾಲಿದ್ದರೆ, ಯಾವುದಾದರೂ ಪ್ಲೇಟು ತುಂಡಾಗಿದ್ದರೆ ಅಥವಾ ಲೋಡಿನಲ್ಲಿ ಆ್ಯಕ್ಸಲ್ ಬಂಪ್ ಸ್ಟಾಪರಿಗೆ (ಆ್ಯಕ್ಸಲ್ ಚಾಸಿಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡಿಗೆ) ತಾಗಿಯೇ ಇರುತ್ತಿದ್ದರೆ, ಎಷ್ಟು ದುಬಾರಿಯ ಶಾಕ್ ಅಬ್ಸಾರ್ಬರ್ ಹಾಕಿದರೂ ಅದು ಬೇಗನೆ ಹಾಳಾಗುತ್ತದೆ. ಹೇರುವ ತೂಕದ ಮಾತೂ ಇಲ್ಲಿಯೇ ಬರುತ್ತದೆ. ಎರಡು ಆ್ಯಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ ಕೇಂದ್ರ ಸರಕಾರ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಆದರೆ ಹಳೆಯ ಮಿತಿಗೆಂದು ತಯಾರಾದ ಲಾರಿಯ ಪ್ಲೇಟು, ಬ್ರಾಕೆಟ್, ಬುಷ್‌ಗಳು ಆ ಆದೇಶದಿಂದ ಬಲಗೊಂಡಿಲ್ಲ. ನಿಮ್ಮ ವಾಹನದ ಆರ್.ಸಿ.ಯಲ್ಲಿ ಬರೆದಿರುವ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದಾಗಿ, ಇರುವ ಶಾಕ್ ಅಬ್ಸಾರ್ಬರ್ ನಿಜಕ್ಕೂ ಸತ್ತಿದೆಯೇ ಎಂದು ಪರೀಕ್ಷಿಸಬೇಕು. ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ನೋಡುವ ಕ್ರಮ ಲಾರಿಗೆ ಒಗ್ಗುವುದಿಲ್ಲ. ಅದಕ್ಕಿಂತ ನಂಬಬಹುದಾದ ವಿಧಾನವೊಂದಿದೆ. ಚೆರ್ಕಳದಿಂದ ಮುಳ್ಳೇರಿಯ ಮಾರ್ಗವಾಗಿ ಜಾಲ್ಸೂರಿನವರೆಗಿನಂತಹ ಏರಿಳಿತ, ತಿರುವುಗಳ ರಸ್ತೆಯಲ್ಲಿ ಲೋಡಿನೊಂದಿಗೆ ಓಡಿಸಿದ ಕೂಡಲೇ ಲಾರಿಯನ್ನು ಸಮತಟ್ಟಾದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಒಂದೇ ಆ್ಯಕ್ಸಲಿನ ಎರಡೂ ಶಾಕ್ ಅಬ್ಸಾರ್ಬರುಗಳ ಕೆಳಭಾಗದ ಹತ್ತಿರಕ್ಕೆ ಅಂಗೈ ಒಯ್ಯಿರಿ. ಮೊದಲು ಬಿಸಿಯನ್ನು ಅಂದಾಜು ಮಾಡಿ, ಅನಂತರವೇ ಮೆಲ್ಲನೆ ಮುಟ್ಟಿರಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ಆ ತಣ್ಣಗಿನದ್ದು ಕೆಲಸ ಬಿಟ್ಟಿದೆಯೆಂದೇ ಅರ್ಥ. ಟಯರಿನ ಸುತ್ತ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿರುವುದು ಇನ್ನೊಂದು ಸಾಕ್ಷಿ. ಅಂಗೈಯನ್ನು ಟಯರಿನ ಮೇಲೆ ಸವರಿದರೆ ಈ ಅಲೆಗಳು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತವೆ.

ಎಣ್ಣೆ ಸೋರುವಿಕೆಯನ್ನು ನೋಡುವಾಗ ನಮ್ಮ ಮಳೆಗಾಲವನ್ನು ನೆನಪಿಡಬೇಕು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಈ ಊರುಗಳಲ್ಲಿ ನೀರು ಸೋರಿಕೆಯ ಗುರುತನ್ನು ತೊಳೆದುಬಿಡುತ್ತದೆ, ಇಲ್ಲವೇ ಎಣ್ಣೆ ಹೀರಿದ ಕೆಮ್ಮಣ್ಣು ಕಪ್ಪಗಿನ ಹೆಂಟೆಯಾಗಿ ಅಂಟಿಕೊಂಡಿರುತ್ತದೆ. ಆ ಹೆಂಟೆಯನ್ನು ಕೆರೆದು, ಬಟ್ಟೆಯಿಂದ ಒರೆಸಿ, ಒಂದೆರಡು ದಿನ ಓಡಿಸಿ ಮತ್ತೆ ನೋಡಿ. ರಾಡು ಹೊರಬರುವಲ್ಲಿ ಎಣ್ಣೆಯನ್ನು ತಡೆಯುವ ಸೀಲಿನ ಬಳಿ ತೆಳುವಾದ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಕೆಳಗಿನವರೆಗೆ ಇಳಿದು ಒದ್ದೆಯಾಗಿದ್ದರೆ ಬದಲಿಸಲೇಬೇಕು. ಸಮುದ್ರದ ಉಪ್ಪುಗಾಳಿಯಿಂದ, ಒಳಗಿನ ಪಿಸ್ಟನನ್ನು ಹಿಡಿದಿರುವ ರಾಡಿನ ಹೊಳಪು ಹೋಗಿ ಚುಕ್ಕಿ ಚುಕ್ಕಿ ತುಕ್ಕು ಬಂದಿದ್ದರೂ ಅಷ್ಟೇ, ಆ ಚುಕ್ಕಿಗಳು ಸೀಲನ್ನು ಕೊರೆಯುತ್ತಲೇ ಇರುತ್ತವೆ.

ಈಗ ಅಳತೆಯ ವಿಷಯ. ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ, ಹೆಚ್ಚಿನವರು ಉದಾಸೀನ ಮಾಡುವುದೂ ಇಲ್ಲಿಯೇ. ಕಂಪನಿಯ ಪಾರ್ಟ್ ನಂಬರಿಗೆ ಸರಿಯಾದದ್ದು ಸಿಕ್ಕಿದರೆ, ಮತ್ತು ಲಾರಿಯ ಪ್ಲೇಟುಗಳು ಮೂಲದಲ್ಲಿ ಇದ್ದಂತೆಯೇ ಇದ್ದರೆ, ಅಳೆಯದೆಯೇ ಹಾಕಬಹುದು. ಹೆಚ್ಚುವರಿ ಪ್ಲೇಟು ಸೇರಿಸಿದ್ದರೆ ಲಾರಿಯ ಎತ್ತರ ಬದಲಾಗಿರುತ್ತದೆ, ಆದುದರಿಂದ ಶಾಕ್ ಅಬ್ಸಾರ್ಬರಿನ ಮೇಲಿನ ಮತ್ತು ಕೆಳಗಿನ ಕಣ್ಣುಗಳ (ಬೋಲ್ಟು ಹೋಗುವ ಬಳೆಗಳ) ನಡುಮಧ್ಯದ ಅಂತರವನ್ನು ಲೋಡಿನಲ್ಲಿ ಒಮ್ಮೆ, ಖಾಲಿಯಿರುವಾಗ ಒಮ್ಮೆ, ಚಾಸಿಸಿಗೆ ಜಾಕ್ ಕೊಟ್ಟು ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ ಆ್ಯಕ್ಸಲ್ ಪೂರ್ತಿ ಇಳಿಬಿದ್ದಾಗ ಇನ್ನೊಮ್ಮೆ ಅಳೆಯಬೇಕು. ಉದಾಹರಣೆಗೆ, ಲೋಡಿನಲ್ಲಿ ಆ ಅಂತರ 440 ಮಿಲಿಮೀಟರ್, ಆ್ಯಕ್ಸಲಿನಿಂದ ಬಂಪ್ ಸ್ಟಾಪರಿನವರೆಗಿನ ಎಡೆ 60, ರಬ್ಬರ್ ಕುಗ್ಗುವುದಕ್ಕೆ 20 ಎಂದು ಇಟ್ಟುಕೊಳ್ಳೋಣ. ಆಗ ಶಾಕ್ ಅಬ್ಸಾರ್ಬರ್ ಪೂರ್ತಿ ಮುಚ್ಚಿದಾಗಿನ ಉದ್ದ 360ಕ್ಕಿಂತ ಕಡಿಮೆ ಇರಲೇಬೇಕು. 340 ಇದ್ದರೆ ನೆಮ್ಮದಿ. ಆ್ಯಕ್ಸಲ್ ಇಳಿಬಿದ್ದಾಗ ಅಂತರ 540 ಬಂದರೆ, ಪೂರ್ತಿ ತೆರೆದಾಗಿನ ಉದ್ದ 570ರಷ್ಟಿರಲಿ. ಮುಚ್ಚುವ ಕಡೆ ಕೊರತೆಯಾದರೆ ಗುಂಡಿಯ ಪೆಟ್ಟು ಬಂಪ್ ಸ್ಟಾಪರಿಗೆ ತಲಪುವ ಮೊದಲೇ ಪಿಸ್ಟನಿಗೆ ಬೀಳುತ್ತದೆ, ತೆರೆಯುವ ಕಡೆ ಕೊರತೆಯಾದರೆ ಆ್ಯಕ್ಸಲಿನ ಭಾರವೆಲ್ಲ ರಾಡಿಗೆ ಜೋತು ಬೀಳುತ್ತದೆ. ಬ್ರಾಕೆಟ್ ಕಿತ್ತುಬಂದ ಎಷ್ಟೋ ಲಾರಿಗಳಲ್ಲಿ ಕಾರಣ ಈ ಎರಡರಲ್ಲಿ ಒಂದು.

ಬುಷ್‌ನ ಒಳವ್ಯಾಸ ಮತ್ತು ಅಗಲ, ತುದಿಯಲ್ಲಿರುವುದು ಕಣ್ಣೋ ಪಿನ್ನೋ ಎಂಬುದನ್ನು ಹಳೆಯದರ ಜೊತೆಗಿಟ್ಟು ನೋಡಿದರೆ ಸಾಕು. ಬ್ರಾಕೆಟಿನ ಜಾಗ ಬದಲಿಸುವ ಯೋಚನೆಯಿದ್ದರೆ ವಾಲುವಿಕೆಯನ್ನು ಗಮನಿಸಿ: ನೆಟ್ಟಗಿರುವ ಶಾಕ್ ಅಬ್ಸಾರ್ಬರನ್ನು 45 ಡಿಗ್ರಿ ವಾಲಿಸಿದರೆ ಅದರ ತಡೆಯುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇನ್ನು ಗಟ್ಟಿತನ. ಒಳ್ಳೆಯ ಶಾಕ್ ಅಬ್ಸಾರ್ಬರ್ ಮುಚ್ಚುವಾಗ ಕಡಿಮೆ, ತೆರೆಯುವಾಗ ಹೆಚ್ಚು ತಡೆ ಒಡ್ಡುತ್ತದೆ. ಪ್ಲೇಟು ಸೇರಿಸಿದ ಲಾರಿಗೆ ತೆರೆಯುವಾಗಿನ ತಡೆ ಇನ್ನಷ್ಟು ಬೇಕು ಎಂಬುದು ನಿಜ. ಆದರೆ ಮಿತಿಮೀರಿ ಗಟ್ಟಿಯಾದದ್ದನ್ನು ಹಾಕಿದರೆ, ಕಲ್ಲು ಇಳಿಸಿ ಖಾಲಿ ಮರಳುವಾಗ ಟಯರು ರಸ್ತೆಯಿಂದ ಹಾರುತ್ತದೆ, ಬ್ರೇಕು ಹಿಡಿಯುವುದು ತಡವಾಗುತ್ತದೆ, ಚಾಸಿಸಿನ ರಿವೆಟ್ಟುಗಳು ಸಡಿಲಗೊಳ್ಳುತ್ತವೆ. ದಿನದ ಅರ್ಧ ಓಟ ಖಾಲಿಯೇ ಇರುವ ಲಾರಿಗೆ ಇದು ಸಣ್ಣ ಸಂಗತಿಯಲ್ಲ. ನನ್ನ ಅಭಿಪ್ರಾಯದಲ್ಲಿ, ಗಟ್ಟಿ ಕವಾಟದ ಸಣ್ಣ ಸಿಲಿಂಡರಿಗಿಂತ ದೊಡ್ಡ ವ್ಯಾಸದ ಪಿಸ್ಟನ್ ಇರುವುದನ್ನು ಆರಿಸುವುದೇ ಲೇಸು. ಅದರಲ್ಲಿ ಎಣ್ಣೆ ಹೆಚ್ಚು, ಒಳಗಿನ ಒತ್ತಡ ಕಡಿಮೆ, ಬಿಸಿ ಹೊರಹೋಗಲು ಮೈಯೂ ಹೆಚ್ಚು. 'ಹೆವಿ ಡ್ಯೂಟಿ' ಎಂಬ ಚೀಟಿಯನ್ನು ನಂಬದೆ ಪಿಸ್ಟನಿನ ಮತ್ತು ರಾಡಿನ ವ್ಯಾಸವನ್ನು ಕೇಳಿ ತಿಳಿಯಿರಿ.

ಬಿಸಿಯೇರಿದ ಎಣ್ಣೆ ತೆಳುವಾಗಿ ನೊರೆಗಟ್ಟಿದರೆ ತಡೆಯುವ ಬಲ ಕುಸಿಯುತ್ತದೆ. ನೈಟ್ರೋಜನ್ ತುಂಬಿದವುಗಳಲ್ಲಿ ಈ ನೊರೆ ಕಡಿಮೆ. ಒಂಟಿ ಕೊಳವೆಯದ್ದು ಬಿಸಿಯನ್ನು ನೇರವಾಗಿ ಹೊರಗೆ ಬಿಡುವುದರಿಂದ ತಲಪಾಡಿಯಾಚೆ ಹೆದ್ದಾರಿಯಲ್ಲಿ ದೂರ ಓಡುವ ಲಾರಿಗೆ ಒಪ್ಪುತ್ತದೆ. ಆದರೆ ಅದರ ಹೊರಗೆ ಕಾಣುವ ಕೊಳವೆಯ ಒಳಮೈಗೆ ತಾಗಿಕೊಂಡೇ ಪಿಸ್ಟನ್ ಓಡುವುದರಿಂದ ಒಂದು ಕಲ್ಲು ಸಿಡಿದು ತಗ್ಗು ಬಿದ್ದರೂ ಮುಗಿಯಿತು. ಕೋರೆಯ ದಾರಿಯಲ್ಲಿ ಓಡುವ ಲಾರಿಗೆ ಕಡಿಮೆ ಒತ್ತಡದ ಗ್ಯಾಸ್ ತುಂಬಿದ, ಧೂಳಿನ ಮುಚ್ಚಳವಿರುವ, ಒಂದರೊಳಗೊಂದು ಕೊಳವೆಯಿರುವ ಜೋಡಿ ಕೊಳವೆಯದ್ದೇ ಸರಿ. ಗಾಳಿ ತುಂಬಿ ಲಾರಿಯನ್ನು ಎತ್ತುವ ಬಗೆಯವು ಬೇಡ, ಬ್ರಾಕೆಟುಗಳು ಭಾರ ಹೊರಲೆಂದು ಮಾಡಿದವಲ್ಲ. ಎಣ್ಣೆ ಬದಲಿಸಿ ಬಣ್ಣ ಬಳಿದು ಮಾರುವ ಹಳೆಯವನ್ನೂ ಕೊಳ್ಳಬೇಡಿ. ಒಂದು ಆ್ಯಕ್ಸಲಿಗೆ ಎರಡನ್ನೂ ಒಟ್ಟಿಗೆ, ಒಂದೇ ಬಗೆಯದ್ದನ್ನು, ಜಿ.ಎಸ್‌.ಟಿ. ಬಿಲ್ಲಿನೊಂದಿಗೆ ತೆಗೆದುಕೊಳ್ಳಿ.

ಜೋಡಿ ಕೊಳವೆಯದ್ದು ಅಂಗಡಿಯಲ್ಲಿ ಅಡ್ಡಲಾಗಿ ಮಲಗಿದ್ದರೆ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಜೋಡಿಸುವ ಮೊದಲು ಲಾರಿಯಲ್ಲಿ ಇರುವಂತೆಯೇ ನೆಟ್ಟಗೆ ಹಿಡಿದು ಪೂರ್ತಿ ಎಳೆಯಿರಿ, ತಲೆಕೆಳಗು ಮಾಡಿ ಪೂರ್ತಿ ಒತ್ತಿರಿ. ಎಳೆತದಲ್ಲಿ ನಡುವೆ ಸಡಿಲಾಗುವ ಜಾಗ ಮಾಯವಾಗುವ ತನಕ ಇದನ್ನೇ ನಾಲ್ಕೈದು ಬಾರಿ ಮಾಡಿ. ರಬ್ಬರ್ ಬುಷ್‌ನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿರುವಾಗ ಬಿಗಿಯಬೇಡಿ. ಲಾರಿ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿತ ಕೊಡಿ, ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಒಂದು ವಾರ ಲೋಡಿನಲ್ಲಿ ಓಡಿಸಿದ ಬಳಿಕ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ರಾಡಿನ ಬುಡವನ್ನು ಒರೆಸಿ. ಒರೆಸಿದ ಮೇಲೂ ಎಣ್ಣೆ ಇಳಿಯುತ್ತಿದ್ದರೆ ಬಿಲ್ಲಿನೊಂದಿಗೆ ಕೂಡಲೇ ಅಂಗಡಿಗೆ ಮರಳಿಸಿ.