ಅಜ್ಜನ ಕಾಗದ ನಿಮ್ಮ ಕೈಗೆ ಬರಬೇಕಾದರೆ: ಸ್ವತಂತ್ರ ಅನುವಾದಕರು ನಂಬಿಕೆ ಗಳಿಸುವುದು ಹೇಗೆ?

ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಬರವಿಲ್ಲ. ಬದಿಯಡ್ಕದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ತುಳು, ಕೊಂಕಣಿ, ಬ್ಯಾರಿ, ಮರಾಠಿಯೂ ಕಿವಿಗೆ ಬೀಳುತ್ತವೆ. ಆದರೂ ಅಜ್ಜನ ಕಾಲದ ಆಸ್ತಿ ಕಾಗದವನ್ನು ಅನುವಾದಕ್ಕೆ ಕೊಡುವಾಗ ಜನ ಹಿಂದೆಮುಂದೆ ನೋಡುತ್ತಾರೆ. ಅನುವಾದಕರಾದ ನಮಗೆ ಭಾಷೆ ಬರುತ್ತದೆಂದು ಅವರಿಗೆ ಗೊತ್ತು. ಪಾಲಿನ ವಿಷಯ ನಾಳೆ ದಾಯಾದಿಗಳ ಕಿವಿಗೆ ಬಿದ್ದರೆ ಎಂಬುದೇ ಅವರ ಅಳುಕು. ಮನೆಯಲ್ಲೇ ಕೂತು ಈ ಕೆಲಸ ಶುರು ಮಾಡಬೇಕೆಂದಿರುವವರಿಗೆ, ಕೆಲವು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲು, ಬೇಡದ ಕೆಲಸವನ್ನು ಬೇಡವೆನ್ನಿ

"ಈ ಅರ್ಜಿ ಮಲಯಾಳಕ್ಕೆ ಮಾಡಿಕೊಡಿ ಮಾರಾಯ್ರೆ" ಎಂದು ಬಂದವರನ್ನು ಕೂರಿಸಿ, ಅದು ಯಾವ ಕಚೇರಿಗೆ ಹೋಗುತ್ತದೆಂದು ಕೇಳಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ಅದನ್ನು ಹೇಳಿ, ಕಾಗದ ವಾಪಸ್ ಕೊಟ್ಟುಬಿಡಿ. ಕೌಂಟರಿನಲ್ಲಿ ಆಮೇಲೆ ಏನಾಗುತ್ತದೆ ಎಂಬುದು ಬೇರೆ ಕಥೆ; ಬೇಗ ಆಗಲಿ ಎಂದು ಅವರೇ ಮಲಯಾಳ ಬೇಕೆಂದರೆ ಮಾಡಿಕೊಡಿ. ಅವತ್ತಿನ ಸಂಪಾದನೆ ಹೋದರೂ, ದುಡ್ಡು ಬೇಡವೆಂದವನ ಹೆಸರು ಆ ಮನೆಯಲ್ಲಿ ಉಳಿಯುತ್ತದೆ. ನನಗೆ ಬಂದ ದೊಡ್ಡ ಕೆಲಸಗಳಲ್ಲಿ ಹೆಚ್ಚಿನವು ಹೀಗೆ ಬರಿಗೈಯಲ್ಲಿ ಕಳಿಸಿದವರ ಮೂಲಕವೇ ಬಂದವು.

ನಿಮ್ಮ ಸಹಿಯ ಬೆಲೆ ಎಷ್ಟೆಂದು ಹೇಳಿ

ಅನುವಾದಿಸಿ ಕೆಳಗೆ ನೀವು ಸಹಿ ಹಾಕಿದ ಮಾತ್ರಕ್ಕೆ ಅದು ಎಲ್ಲ ಕಡೆ ನಡೆಯುವುದಿಲ್ಲ. ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವ ಅಧಿಕಾರ 1952ರ ನೋಟರಿ ಕಾಯ್ದೆಯಲ್ಲಿ ನೋಟರಿಗಳಿಗಿದೆ. ಕಾಗದ ಕೋರ್ಟಿಗೋ, ಬ್ಯಾಂಕಿಗೋ, ವಿದೇಶಕ್ಕೋ ಎಂದು ಮೊದಲೇ ತಿಳಿದುಕೊಂಡು, ನೋಟರಿ ಬೇಕೇ ಎಂದು ಅಲ್ಲೇ ವಿಚಾರಿಸಲು ಹೇಳಿ. ಆ ಖರ್ಚು ಬೇರೆ ಎಂಬುದನ್ನೂ ಆಗಲೇ ತಿಳಿಸಿ.

ಹೆಸರು, ಅಳತೆ, ದಿನ: ಬರೆದುಕೊಳ್ಳಿ

ಮಲಯಾಳದಲ್ಲಿ ಬರೆಯುವಾಗ ಕೃಷ್ಣ 'ಕೃಷ್ಣನ್' ಆಗುವುದು, ನಾರಾಯಣ 'ನಾರಾಯಣನ್' ಆಗುವುದು ಇಲ್ಲಿ ಮಾಮೂಲು. ನೀವು ಕಿವಿಯನ್ನು ನಂಬಬೇಡಿ, ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಬರೆಯಿರಿ. ಎರಡು ದಾಖಲೆಗಳಲ್ಲಿ ಎರಡು ರೀತಿ ಇದ್ದರೆ ಅನುವಾದದಲ್ಲಿ ಅದನ್ನು ಸರಿಮಾಡಲು ಹೋಗದೆ ಗಿರಾಕಿಗೆ ತೋರಿಸಿ. ಜಾಗದ ಲೆಕ್ಕವೂ ಹಾಗೆಯೇ. ಊರವರ ಬಾಯಲ್ಲಿ ಸೆಂಟ್ಸ್, ರಿಸರ್ವೆ (ಸರ್ಕಾರದ ಮರು ಅಳತೆ) ದಾಖಲೆಯಲ್ಲಿ ಆರ್. ಒಂದು ಆರ್ ಎಂದರೆ ಸುಮಾರು 2.47 ಸೆಂಟ್ಸ್. ಮೂಲದಲ್ಲಿ ಆರ್ ಇದ್ದರೆ ಆರ್ ಎಂದೇ ಬರೆಯಿರಿ, ಸೆಂಟ್ಸ್ ಎಷ್ಟೆಂದು ಬಾಯಲ್ಲಿ ಹೇಳಿ. ದರ ಮತ್ತು ಕೊಡುವ ದಿನವನ್ನು ವಾಟ್ಸ್ಆ್ಯಪಿನಲ್ಲಿ ಎರಡು ಸಾಲು ಬರೆದು ಕಳಿಸಿ. ನೆಂಟರೇ ಆದರೂ, ನೆಂಟರಿಗಂತೂ.

ಗೊತ್ತಿದೆ ಅನ್ನಿಸಿದ ಪದವನ್ನೇ ಅನುಮಾನಿಸಿ

ಇದೇ ನಮ್ಮ ಕಸುಬಿನ ಕೆಸರುಗದ್ದೆ. ಎರಡೂ ಭಾಷೆಗಳಲ್ಲಿ ಒಂದೇ ಸಂಸ್ಕೃತ ಪದ, ಅರ್ಥ ಬೇರೆ. ಮಲಯಾಳದ 'ಅಪೇಕ್ಷ' ನಮ್ಮ ಅರ್ಜಿ, 'ಅನುವಾದಂ' ನಮ್ಮ ಅನುಮತಿ, 'ಮತ್ಸರಂ' ಎಂದರೆ ಸ್ಪರ್ಧೆ, 'ಸಂಭಾವನ' ಎಂದರೆ ದೇಣಿಗೆ. 'ಆಧಾರಂ' ಎಂದರೆ ಆಸ್ತಿಯ ದಸ್ತಾವೇಜು. ಕಚೇರಿಯಲ್ಲಿ ಆಧಾರ ತನ್ನಿ ಎಂದದ್ದಕ್ಕೆ ಆಧಾರ್ ಕಾರ್ಡ್ ಹಿಡಿದು ಹೋದವರನ್ನು ಕಂಡಿದ್ದೇನೆ, ನಗುವ ಹಾಗಿಲ್ಲ.

ಏಕೆಂದರೆ ನಾನೇ ಎಡವಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ಭಾಗಪತ್ರದಲ್ಲಿ 'ಅವಕಾಶಂ' ಎಂದಿದ್ದುದನ್ನು ನಿದ್ದೆಗಣ್ಣಿನಲ್ಲಿ 'ಅವಕಾಶ' ಎಂದೇ ಬರೆದುಬಿಟ್ಟೆ. ಅದು ಹಕ್ಕು. ತಂಗಿಗೆ ಬಾವಿಯ ನೀರಿನ ಮೇಲೆ ಹಕ್ಕಿದೆ ಎಂಬುದು, ನೀರು ತೆಗೆಯಲು ಅವಕಾಶವಿದೆ ಎಂದಾಯಿತು. ಕೊಟ್ಟ ಮರುದಿನ ಕಣ್ಣಿಗೆ ಬಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಫೋನ್ ಮಾಡಿ, "ಅಕ್ಕ, ನನ್ನಿಂದ ತಪ್ಪಾಗಿದೆ, ಅದನ್ನು ಎಲ್ಲಿಗೂ ಕೊಡಬೇಡಿ" ಎಂದೆ. ತಿದ್ದಿದ ಪ್ರತಿಯನ್ನು ನಾನೇ ಪೆರ್ಲದವರೆಗೆ ಒಯ್ದುಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಆದರೆ ಎರಡು ಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು ಪೂರ್ತಿ ಓದಿ ನೋಡಿದ ಮೇಲೆಯೇ ನನ್ನನ್ನು ಬಿಟ್ಟದ್ದು.

ಅಂದಿನಿಂದ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಎಡವಿದ ಪದ, ಎಲ್ಲಿ ಎಡವಿದೆ, ಯಾರನ್ನು ಕೇಳಿ ತಿಳಿದುಕೊಂಡೆ, ಎಲ್ಲವೂ ಅದರಲ್ಲಿದೆ. ಹೊಸಬರು ಮೊದಲ ದಿನದಿಂದಲೇ ಇಡಿ.

ಹಳೆಯ ಚೀಟುಗಳಿಗೆ ಹಿರಿಯರ ಕಣ್ಣು

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಕಾಲದ ಕನ್ನಡ ಚೀಟುಗಳು, ಅಂದರೆ ಗೇಣಿ, ಆಸ್ತಿಯ ಪತ್ರಗಳು, ಇನ್ನೂ ಮನೆಗಳ ಪೆಟ್ಟಿಗೆಯಲ್ಲಿವೆ, ಮಲಯಾಳದಲ್ಲಿ ಓದಿದ ಮೊಮ್ಮಕ್ಕಳಿಗೆ ಅವು ಅರ್ಥವಾಗುವುದಿಲ್ಲ. ಮೂಲಗೇಣಿ ಎಂದರೆ ಶಾಶ್ವತ ಗೇಣಿ, ಚಾಲಗೇಣಿ ಹಾಗಲ್ಲ. ಎರಡನ್ನೂ ಒಂದೇ ಪದದಲ್ಲಿ ಮುಗಿಸಿದರೆ ಅನರ್ಥ. ವರ್ಗ (ಕಂದಾಯ ಕಟ್ಟುವ ಸ್ವಂತ ಜಮೀನು), ಕುಮ್ಕಿ (ಅದಕ್ಕೆ ತಾಗಿದ, ಸೊಪ್ಪು ಸೌದೆಗೆ ಬಳಸುವ ಸರ್ಕಾರಿ ಜಾಗ), ಮುಡಿ ಅಕ್ಕಿ (ಹುಲ್ಲಿನ ಮುಡಿಯ ಲೆಕ್ಕದ ಅಕ್ಕಿ) ಇಂಥ ಪದಗಳನ್ನು ಹಾಗೇ ಉಳಿಸಿ ಅಡಿಟಿಪ್ಪಣಿ ಕೊಡಿ. ಅಕ್ಷರ ಓದಲಾಗದಿದ್ದರೆ 'ಅಸ್ಪಷ್ಟ' ಎಂದು ಬರೆಯಿರಿ, ಊಹಿಸಬೇಡಿ. ಊರಿನಲ್ಲಿ ಹಳೆಯ ದಸ್ತಾವೇಜು ಬರಹಗಾರರಿದ್ದರೆ ಹೋಗಿ ಕೇಳಿ, ಆದರೆ ಪದವನ್ನು ಮಾತ್ರ ಚೀಟಿಯಲ್ಲಿ ಬರೆದು ಒಯ್ಯಿರಿ. ಕಾಗದವನ್ನೇ ಬಿಡಿಸಿ ತೋರಿಸಿದರೆ ಸರ್ವೆ ನಂಬರಿನ ಜೊತೆಗೆ ಮನೆಯ ಜಗಳವೂ ಹೊರಗೆ ಬಿತ್ತು.

ಕೊನೆಗೆ, ಮೂಲ ಪ್ರತಿಯನ್ನು ರಾತ್ರಿ ಇಟ್ಟುಕೊಳ್ಳಬೇಡಿ. ಅವರ ಎದುರೇ ಫೋಟೋ ತೆಗೆದು, ಪುಟ ಎಣಿಸಿ ವಾಪಸ್ ಕೊಡಿ. ಕೆಲಸ ಮುಗಿದ ದಿನ ಫೋನ್ ಅವರ ಕೈಗೇ ಕೊಟ್ಟು, ಆ ಫೋಟೋಗಳನ್ನು ಅವರಿಂದಲೇ ಅಳಿಸಿಸಿ.